ಮಕ್ಕಳ ತಳ್ಳುಗಾಡಿ ಮತ್ತು ಒರಟು ಹಾದಿ: ಒಂದು ಚಾರಿತ್ರಿಕ ವಿವೇಚನೆ

ರಾಜ್ಯಗಳ ಏಳುಬೀಳುಗಳನ್ನೂ ಸಂಧಿವಿಗ್ರಹಗಳನ್ನೂ ಕುರಿತು ಪಾಠ ಹೇಳುವಾಗ ನಾವು ಹಡಗು, ರೈಲು, ವಿಮಾನಗಳ ಪ್ರಸ್ತಾಪವನ್ನು ಅಗತ್ಯವಾಗಿ ಮಾಡುತ್ತೇವೆ. ಆದರೆ ಮನೆಯ ಹೊಸ್ತಿಲಿನಿಂದ ಬೀದಿಯ ಕೊನೆಯವರೆಗೆ ಮಾತ್ರ ಹೋಗಿಬರುವ ಸಣ್ಣ ವಾಹನಗಳಿಗೆ ನಮ್ಮ ಪಠ್ಯಗಳಲ್ಲಿ ಎಡೆಯಿಲ್ಲ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಅಂತಹ ಒಂದು ವಾಹನವನ್ನು. ಎಳೆಯ ಮಕ್ಕಳನ್ನು ಕುಳ್ಳಿರಿಸಿಕೊಂಡು ಹೋಗುವ ತಳ್ಳುಗಾಡಿಗಳಲ್ಲಿ, ಕಲ್ಲುಹಾದಿ, ಹುಲ್ಲುಗಾವಲು, ಕಾಡುದಾರಿಗಳಲ್ಲಿಯೂ ನಡೆಯಬಲ್ಲದೆಂದು ಪಾಶ್ಚಾತ್ಯ ದೇಶಗಳಲ್ಲಿ ಮಾರಾಟವಾಗುತ್ತಿರುವ ಬಗೆಯೊಂದುಂಟು. ನಡಿಗೆ, ಓಟ, ಬೆಟ್ಟ ಹತ್ತುವುದು ಮೊದಲಾದ ಅಭ್ಯಾಸಗಳುಳ್ಳ ದಂಪತಿಗಳು ಅದನ್ನು ಕೊಳ್ಳುತ್ತಾರೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಮೇಲುನೋಟಕ್ಕೆ ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ. ಆದರೆ ಆ ಗಾಡಿಯ ಒಂದೊಂದು ಅಂಗವೂ ಯಾವ ಕಾಲದಲ್ಲಿ, ಯಾವ ಹಾದಿಗಾಗಿ, ಯಾರ ಕೈಗಾಗಿ ಹುಟ್ಟಿತೆಂಬುದನ್ನು ತಿಳಿಯದೆ ಆ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಲಾರದೆಂಬುದು ನಮ್ಮ ಅಭಿಪ್ರಾಯ.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ಇದಕ್ಕೆ ನೆಲೆನಿಂತ ಶಬ್ದವಿಲ್ಲ. ತಳ್ಳುಗಾಡಿ ಎಂದೊಡನೆ ತರಕಾರಿ ಮಾರುವವನ ನಾಲ್ಕು ಚಕ್ರದ ಗಾಡಿ ನಮ್ಮ ಕಣ್ಣೆದುರು ನಿಲ್ಲುತ್ತದೆ. ಶಬ್ದವಿಲ್ಲದಿರುವುದಕ್ಕೆ ಕಾರಣ ಸ್ಪಷ್ಟವೇ ಆಗಿದೆ. ನಮ್ಮ ನಾಡಿನಲ್ಲಿ ಮಗುವಿನ ವಾಹನ ತಾಯಿಯ ಸೊಂಟ, ಅಜ್ಜನ ಹೆಗಲು, ಹೊಲಕ್ಕೆ ಹೋಗುವವಳ ಬೆನ್ನ ಮೇಲಿನ ಜೋಳಿಗೆ. ಈಚಿನ ದಶಕಗಳಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಾಕ್ಕೆ ಹೋಗಿಬರುವ ಹಿರಿಯರು ಈ ಗಾಡಿಯನ್ನು ಸ್ವತಃ ತಳ್ಳಿ ಬಂದಿದ್ದಾರೆ; ಅವರ ಬಾಯಲ್ಲಿ ಅದು ‘ಸ್ಟ್ರೋಲರ್’ ಎಂದೇ ಉಳಿದಿದೆ. ನಾವು ಇಲ್ಲಿ ಮಕ್ಕಳ ಗಾಡಿ ಎಂಬ ಸರಳವಾದ ಹೆಸರನ್ನು ಬಳಸುತ್ತೇವೆ.

ಈ ಗಾಡಿಯ ಚರಿತ್ರೆಯನ್ನು ಬರೆದವರೆಲ್ಲರೂ ಸಾಮಾನ್ಯವಾಗಿ 1733ರಿಂದ ಆರಂಭಿಸುತ್ತಾರೆ. ಇಂಗ್ಲೆಂಡಿನ ಪ್ರಸಿದ್ಧ ವಾಸ್ತುಶಿಲ್ಪಿ ವಿಲಿಯಂ ಕೆಂಟನು ಡೆವನ್‌ಷೈರಿನ ಮೂರನೆಯ ಡ್ಯೂಕನ ಮಕ್ಕಳಿಗಾಗಿ ಒಂದು ಗಾಡಿಯನ್ನು ರಚಿಸಿದನೆಂದು ಹೇಳುತ್ತಾರೆ. ಚಿಪ್ಪಿನಾಕಾರದ ಆಸನ, ಕೆಳಗೆ ಸ್ಪ್ರಿಂಗುಗಳು, ಆ ಮನೆತನದ ಲಾಂಛನವಾದ ಸರ್ಪದ ಅಲಂಕಾರ. ಅದನ್ನು ಎಳೆಯುವುದು ಮೇಕೆಯ ಅಥವಾ ಸಣ್ಣ ಕುದುರೆಯ ಕೆಲಸ. ಇಲ್ಲಿ ಗಮನಿಸಬೇಕಾದುದು ಗಾಡಿಯ ಸೊಬಗನ್ನಲ್ಲ. ಅದು ತಳ್ಳುವ ಗಾಡಿಯಲ್ಲ, ಎಳೆಯುವ ಗಾಡಿ. ಚಾಟ್ಸ್‌ವರ್ತಿನ ಉದ್ಯಾನದ ಮಣ್ಣಿನ ಹಾದಿಯಲ್ಲಿ ಅದು ನಡೆಯಬೇಕಾಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಮೂರನೆಯ ದಶಕ ಕಳೆದ ಮೇಲೆ ಅಮೆರಿಕಾದಲ್ಲಿ ಬೆಂಜಮಿನ್ ಪಾಟರ್ ಕ್ರ್ಯಾಂಡಲ್ ಎಂಬವನೂ ಅನಂತರ ಅವನ ಮಕ್ಕಳೂ ಮಕ್ಕಳ ಗಾಡಿಗಳನ್ನು ಮಾಡಿ ಮಾರತೊಡಗಿದರು. ಆ ಕಾಲದ ಗಾಡಿಗಳೂ ಬಹುಮಟ್ಟಿಗೆ ಮುಂದಿನಿಂದ ಎಳೆಯುವಂತಹವೇ.

ಎಳೆಯುವುದನ್ನು ಬಿಟ್ಟು ತಳ್ಳುವುದಕ್ಕೆ ಬಂದುದೇ ಈ ವಾಹನದ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ತಿರುವು. 1853ರಲ್ಲಿ ಚಾರ್ಲ್ಸ್ ಬರ್ಟನ್ ಎಂಬವನು ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಮೂರು ಚಕ್ರದ ‘ಪೆರಾಂಬುಲೇಟರ್’ ಹಿಂದಿನಿಂದ ತಳ್ಳುವ ಗಾಡಿ. ಮಗು ತಳ್ಳುವವರ ಕಣ್ಣ ಮುಂದೆ ಇರುತ್ತದೆಂಬುದು ಇದರ ದೊಡ್ಡ ಗುಣ. ಎಳೆಯುವ ಗಾಡಿಯಲ್ಲಿ ಮಗು ಬಿದ್ದರೆ ದಾದಿಗೆ ಕೂಡಲೇ ತಿಳಿಯುವಂತಿರಲಿಲ್ಲ.

ಆದರೆ ಈ ಲಾಭಕ್ಕೆ ಒಂದು ಬೆಲೆಯನ್ನೂ ತೆರಬೇಕಾಯಿತು. ಗಾಡಿಯ ಮೂಕಿಯನ್ನು ಹಿಡಿದು ಎಳೆಯುವಾಗ ನಮ್ಮ ಬಲದ ಒಂದು ಪಾಲು ಮೇಲ್ಮುಖವಾಗಿ ವರ್ತಿಸಿ ಮುಂದಿನ ಚಕ್ರದ ಭಾರವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಬಾಗಿ ತಳ್ಳುವಾಗ ಆ ಪಾಲು ಕೆಳಮುಖವಾಗಿ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ನಮ್ಮ ಊರುಗಳಲ್ಲಿ ಕೂಲಿಗಾರನು ಡಾಂಬರು ರಸ್ತೆಯಲ್ಲಿ ಕೈಗಾಡಿಯನ್ನು ತಳ್ಳಿಕೊಂಡು ಬಂದು, ಹಳ್ಳಕೊಳ್ಳದ ಮಣ್ಣು ಸಿಕ್ಕಿದೊಡನೆ ತಿರುಗಿ ನಿಂತು ಎಳೆಯುವುದನ್ನು ಯಾರು ಕಂಡಿಲ್ಲ? ಯಂತ್ರಶಾಸ್ತ್ರವನ್ನು ಓದದೆಯೇ ಅವನು ಈ ತತ್ತ್ವವನ್ನು ಅರಿತಿದ್ದಾನೆ. ಬರ್ಟನ್ನನ ಗಾಡಿ ಬಳಕೆಗೆ ಬಂದುದು ಲಂಡನ್ನಿನಂತಹ ನಗರಗಳಲ್ಲಿ ಕಲ್ಲುಹಾಸಿನ ಕಾಲುದಾರಿಗಳು ಹರಡುತ್ತಿದ್ದ ಕಾಲದಲ್ಲಿ. ಆದುದರಿಂದ ಆ ನಷ್ಟ ಯಾರ ಗಮನಕ್ಕೂ ಬರಲಿಲ್ಲ. ಅಂದಿನಿಂದ ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಮಕ್ಕಳ ಗಾಡಿ ಕಾಲುದಾರಿಯ ಆಶ್ರಿತವಾಗಿ ಉಳಿಯಿತು. ಒರಟು ನೆಲದ ಗಾಡಿಯೆಂದು ಇಂದು ನಾವು ಕರೆಯುವುದು ಹಾಗೆ ಕಳೆದುಕೊಂಡ ನೆಲವನ್ನು ಮರಳಿ ಪಡೆಯುವ ಪ್ರಯತ್ನವೆಂದೇ ತಿಳಿಯಬೇಕು.

ನಡುವಿನ ಕಾಲದ ಸಂಗತಿಗಳನ್ನು ಬೇಗನೆ ದಾಟಬಹುದು. 1877ರಲ್ಲಿ ವಿಲಿಯಂ ವಿಲ್ಸನ್ ಲೀಡ್ಸ್ ನಗರದಲ್ಲಿ ಸ್ಥಾಪಿಸಿದ ಸಿಲ್ವರ್ ಕ್ರಾಸ್ ಸಂಸ್ಥೆಯ ಗಾಡಿಗಳು ಶ್ರೀಮಂತರ ಸಾರೋಟಿನ ಮಾದರಿಯವು: ದೊಡ್ಡ ಚಕ್ರ, ಉದ್ದನೆಯ ಸ್ಪ್ರಿಂಗು, ಆಳವಾದ ತೊಟ್ಟಿ. 1889ರ ಜೂನ್ 18ರಂದು ಅಮೆರಿಕಾದ ಬಾಲ್ಟಿಮೋರಿನ ವಿಲಿಯಂ ರಿಚರ್ಡ್‌ಸನ್ ಎಂಬವನಿಗೆ ದೊರೆತ ಪೇಟೆಂಟಿನಲ್ಲಿ ಮಗುವಿನ ತೊಟ್ಟಿಯನ್ನು ತಳ್ಳುವವರ ಕಡೆಗಾಗಲಿ ಬೀದಿಯ ಕಡೆಗಾಗಲಿ ತಿರುಗಿಸುವ ಏರ್ಪಾಡು ಇದ್ದಿತು. ಇವೆಲ್ಲವೂ ಸಮನಾದ ನೆಲವನ್ನು ಮೊದಲೇ ಭಾವಿಸಿಕೊಂಡ ಸುಧಾರಣೆಗಳು.

ಇದೇ ಕಾಲದಲ್ಲಿ ಬೇರೊಂದು ದಿಕ್ಕಿನಲ್ಲಿ ನಡೆದ ಸಂಗತಿಯೊಂದು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು. ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಷ್ಟು ಹಿಂದೆಯೇ ಪೇಟೆಂಟು ಪಡೆದಿದ್ದರೂ ಅದು ಬಳಕೆಗೆ ಬಾರದೆ ಮರೆತುಹೋಗಿದ್ದಿತು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ಅದನ್ನು ಮತ್ತೆ ಕಂಡುಕೊಂಡು ಮರುವರ್ಷ ಪೇಟೆಂಟು ಪಡೆದನು. ಅವನು ಮೊದಲು ಅದನ್ನು ಪ್ರಯೋಗಿಸಿದುದು ತನ್ನ ಸಣ್ಣ ಮಗನ ಮೂರು ಚಕ್ರದ ಸೈಕಲ್ಲಿನ ಮೇಲೆ. ಮಗುವಿನ ಮೈ ಕುಲುಕುವುದನ್ನು ತಪ್ಪಿಸುವುದಕ್ಕಾಗಿ ಮಾಡಿದ ಉಪಾಯ ಸೈಕಲ್ಲಿಗೂ ಮೋಟಾರಿಗೂ ಹೋಗಿ ಜಗತ್ತನ್ನೇ ಸುತ್ತಿತು. ಆದರೆ ಮಕ್ಕಳ ಗಾಡಿಗೆ ಮಾತ್ರ ಬಹುಮಟ್ಟಿಗೆ ಗಟ್ಟಿ ರಬ್ಬರಿನ ಪಟ್ಟಿಯೇ ಉಳಿಯಿತು. ಚರಿತ್ರೆಯಲ್ಲಿ ಇಂತಹ ವಿಪರ್ಯಾಸಗಳು ವಿರಳವಲ್ಲ.

ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ ಸಾರೋಟಿನ ಮಾದರಿಯ ಗಾಡಿ ಅನೇಕರಿಗೆ ಹೊರೆಯಾಗಿ ಪರಿಣಮಿಸಿತು. ಬಸ್ಸು, ಮೋಟಾರು, ಇಕ್ಕಟ್ಟಾದ ಬಹುಮಹಡಿಯ ವಾಸದ ಮನೆ, ಇವು ಯಾವುವೂ ಅದಕ್ಕೆ ಹೊಂದುವಂತಿರಲಿಲ್ಲ. ಈ ತೊಡಕನ್ನು ಬಿಡಿಸಿದವನು ಓವೆನ್ ಮೆಕ್‌ಲಾರೆನ್. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮಡಚಿಕೊಳ್ಳುವ ಗಾಲಿಗಳ ರಚನೆಯಲ್ಲಿ ಕೆಲಸ ಮಾಡಿದ ಎಂಜಿನಿಯರು ಅವನು. ಅಮೆರಿಕಾದಿಂದ ಬಂದ ಮಗಳು ಮೊಮ್ಮಗುವಿನ ಭಾರವಾದ ಗಾಡಿಯನ್ನು ಹೊತ್ತು ಪಡುವ ಕಷ್ಟವನ್ನು ಕಂಡು, ಅಲ್ಯೂಮಿನಿಯಂ ಕೊಳವೆಗಳಿಂದ ಛತ್ರಿಯಂತೆ ಮಡಚಬಲ್ಲ ಗಾಡಿಯೊಂದನ್ನು ರಚಿಸಿ 1965ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಎರಡು ವರ್ಷಗಳ ತರುವಾಯ ಅದು ಮಾರುಕಟ್ಟೆಗೆ ಬಂದಿತು. ಅದರ ತೂಕ ಸುಮಾರು 6 ಪೌಂಡು. ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಬಹುದಾದ ಗಾಡಿ! ಆದರೆ ಆ ಲಘುತ್ವಕ್ಕಾಗಿ ಅದರ ಚಕ್ರಗಳು ಕೆಲವೇ ಅಂಗುಲಗಳಿಗೆ ಕುಗ್ಗಿದವು. ವಿಮಾನ ನಿಲ್ದಾಣದ ನುಣುಪಾದ ನೆಲಕ್ಕೆ ಅದು ತಕ್ಕುದು. ಜಲ್ಲಿಕಲ್ಲಿನ ಮೇಲೆ ಅದು ಎರಡು ಗಜ ಹೋಗುವಷ್ಟರಲ್ಲಿ ನಿಲ್ಲುತ್ತದೆ. ಕಾಲುದಾರಿಯ ಮೇಲಣ ಅವಲಂಬನೆ ಇಲ್ಲಿ ಪರಾಕಾಷ್ಠೆಯನ್ನು ಮುಟ್ಟಿತೆನ್ನಬಹುದು.

ಇದಕ್ಕೆ ವಿರುದ್ಧವಾದ ಚಲನೆ ಗಾಡಿ ಮಾಡುವವರಿಂದ ಹುಟ್ಟಲಿಲ್ಲ, ಓಡುವವರಿಂದ ಹುಟ್ಟಿತು. ಅಮೆರಿಕಾದ ಆರಿಗನ್ ವಿಶ್ವವಿದ್ಯಾನಿಲಯದಲ್ಲಿ ಓಟದ ಶಿಕ್ಷಕನಾಗಿದ್ದ ಬಿಲ್ ಬೋವರ್‌ಮನ್ 1962ರಲ್ಲಿ ನ್ಯೂಜಿಲೆಂಡಿಗೆ ಹೋದಾಗ, ಆರ್ಥರ್ ಲಿಡಿಯಾರ್ಡನ ಪ್ರೇರಣೆಯಿಂದ ಅಲ್ಲಿ ವಯಸ್ಸಾದವರೂ ಆರೋಗ್ಯಕ್ಕಾಗಿ ನಿಧಾನವಾಗಿ ಓಡುತ್ತಿದ್ದುದನ್ನು ಕಂಡನು. ಊರಿಗೆ ಮರಳಿ ಆ ಅಭ್ಯಾಸವನ್ನು ಪ್ರಚಾರ ಮಾಡಿದನು. 1967ರಲ್ಲಿ ಅದನ್ನು ಕುರಿತ ಅವನ ಪುಸ್ತಕವೂ ಹೊರಬಂದಿತು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಫ್ರಾಂಕ್ ಶಾರ್ಟರ್ ಮ್ಯಾರಥಾನ್ ಗೆದ್ದ ಮೇಲೆ ಅಮೆರಿಕಾದಲ್ಲಿ ಓಟ ಒಂದು ಸಾರ್ವಜನಿಕ ಚಳವಳಿಯಂತೆಯೇ ಹಬ್ಬಿತು. ಹೀಗೆ ಓಡತೊಡಗಿದ ತರುಣ ತರುಣಿಯರು ಮುಂದಿನ ದಶಕದಲ್ಲಿ ತಾಯಿತಂದೆಗಳಾದರು. ಮಗು ಹುಟ್ಟಿದೊಡನೆ ಓಟ ನಿಲ್ಲಬೇಕೆ ಎಂಬ ಪ್ರಶ್ನೆ ಆಗ ಎದ್ದಿತು.

ಆ ಪ್ರಶ್ನೆಗೆ ಹೆಸರಾಂತ ಉತ್ತರ ದೊರೆತುದು 1984ರಲ್ಲಿ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನಲ್ಲಿ ಪತ್ರಿಕೆಯೊಂದರ ಕೆಲಸದಲ್ಲಿದ್ದ ಫಿಲ್ ಬೇಕ್ಲರ್ ಎಂಬ ಓಟಗಾರನು ತನ್ನ ಎಳೆಯ ಮಗನನ್ನೂ ಜೊತೆಗೆ ಕರೆದೊಯ್ಯಲೆಂದು ಒಂದು ಮಕ್ಕಳ ಗಾಡಿಗೆ ಸೈಕಲ್ಲಿನ ಚಕ್ರಗಳನ್ನು ಜೋಡಿಸಿದನು. ಇದರಿಂದ ‘ಬೇಬಿ ಜಾಗರ್’ ಎಂಬ ಗಾಡಿಯೂ ಅದನ್ನು ತಯಾರಿಸುವ ಉದ್ಯಮವೂ ಹುಟ್ಟಿದವು. ಅದರ ಮೈಕಟ್ಟನ್ನು ಪರಿಶೀಲಿಸಿದರೆ ಮೂರು ವಂಶಗಳ ಕೂಡಿಕೆ ಕಾಣುತ್ತದೆ: ಮೂರು ಚಕ್ರದ ವಿನ್ಯಾಸ ಬರ್ಟನ್ನನದು, ಲೋಹದ ಕೊಳವೆ ಮತ್ತು ಬಟ್ಟೆಯ ಆಸನ ಮೆಕ್‌ಲಾರೆನ್ನನ ಕಾಲದ್ದು, ಗಾಳಿ ತುಂಬಿದ ದೊಡ್ಡ ಚಕ್ರ ಸೈಕಲ್ಲಿನದು. ಡನ್‌ಲಪ್ಪನ ಟೈರು ಹೀಗೆ ಸುಮಾರು ತೊಂಬತ್ತೇಳು ವರ್ಷಗಳ ಸಂಚಾರದ ಅನಂತರ ಮತ್ತೆ ಮಗುವಿನ ಗಾಡಿಗೆ ಬಂದು ಸೇರಿತು. ಈ ಗಾಡಿಯನ್ನು ರೂಪಿಸಿದವನು ತಂದೆ, ಮತ್ತು ಅವನು ಅದನ್ನು ತಾನೇ ತಳ್ಳುವುದಕ್ಕಾಗಿ ರೂಪಿಸಿದನು ಎಂಬುದನ್ನೂ ಗಮನಿಸಬೇಕು. ಕೆಂಟನ ಗಾಡಿಯಲ್ಲಿ ಮೇಕೆಗೆ, ಸಿಲ್ವರ್ ಕ್ರಾಸಿನ ಗಾಡಿಯಲ್ಲಿ ದಾದಿಗೆ ಇದ್ದ ಸ್ಥಾನ ಅದು.

ಓಟದ ಚಳವಳಿಗೆ ತವರಾಗಿದ್ದ ನ್ಯೂಜಿಲೆಂಡಿನಿಂದಲೇ 1992ರಲ್ಲಿ ‘ಮೌಂಟನ್ ಬಗ್ಗಿ’ ಎಂಬ ಮೂರು ಚಕ್ರದ ಗಾಡಿ ಹೊರಬಂದಿತು. ಹೆಸರೇ ಹೇಳುವಂತೆ ಇದು ಬೆಟ್ಟದ ಹಾದಿಗಳನ್ನು ಉದ್ದೇಶಿಸಿದುದು. ಇದರಲ್ಲಿ ವೇಗಕ್ಕಿಂತ ನೆಲವೇ ಮುಖ್ಯ. ಹಾಲೆಂಡಿನಲ್ಲಿ ಮ್ಯಾಕ್ಸ್ ಬಾರೆನ್‌ಬ್ರೂಖ್ ಎಂಬ ವಿದ್ಯಾರ್ಥಿ 1994ರಲ್ಲಿ ಐಂಡ್‌ಹೋವನ್ ನಗರದ ವಿನ್ಯಾಸ ಶಾಲೆಯ ಅಂತಿಮ ಪರೀಕ್ಷೆಗಾಗಿ ರಚಿಸಿದ ಗಾಡಿ, 1999ರಲ್ಲಿ ‘ಬುಗಾಬೂ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಈ ಸಂಸ್ಥೆಯ ಗಾಡಿಗಳಲ್ಲಿ ಒಂದು ಸ್ವಾರಸ್ಯವಾದ ಏರ್ಪಾಡುಂಟು. ಮರಳಿನ ಮೇಲೆ ಅಥವಾ ಹಿಮದ ಮೇಲೆ ಹೋಗುವಾಗ ಸಣ್ಣ ಚಕ್ರಗಳನ್ನು ನೆಲದಿಂದ ಎತ್ತಿ, ದೊಡ್ಡ ಚಕ್ರಗಳೆರಡರ ಮೇಲೆ ಗಾಡಿಯನ್ನು ನಿಲ್ಲಿಸಿ ಹಿಂದೆ ಎಳೆದುಕೊಂಡು ಹೋಗಬಹುದು. ತಳ್ಳಲಾಗದ ನೆಲದಲ್ಲಿ ಎಳೆಯಬೇಕೆಂಬ ನಮ್ಮ ಕೂಲಿಗಾರನ ಅರಿವು ಇಲ್ಲಿ ವಿನ್ಯಾಸಶಾಸ್ತ್ರದ ಮನ್ನಣೆಯನ್ನು ಪಡೆದಿದೆ.

ಚಕ್ರದ ಗಾತ್ರದ ಮಾತನ್ನು ಸ್ವಲ್ಪ ಲೆಕ್ಕಹಾಕಿ ನೋಡುವುದು ಉಚಿತ. ಹಾದಿಯಲ್ಲಿ 1 ಅಂಗುಲ ಎತ್ತರದ ಕಲ್ಲು ಅಡ್ಡ ಬಂದಿದೆಯೆನ್ನೋಣ. ಅಚ್ಚಿಗೆ ನೇರವಾಗಿ ಮುಂದಕ್ಕೆ ಬಲ ಕೊಟ್ಟು ಚಕ್ರವನ್ನು ಅದರ ಮೇಲೆ ಏರಿಸಬೇಕಾದರೆ, 6 ಅಂಗುಲ ವ್ಯಾಸದ ಚಕ್ರಕ್ಕೆ ಅದು ಹೊತ್ತ ಭಾರದ 1.12 ಪಾಲಿನಷ್ಟು ಬಲ ಬೇಕಾಗುತ್ತದೆ. 16 ಅಂಗುಲ ವ್ಯಾಸದ ಚಕ್ರಕ್ಕೆ 0.55 ಪಾಲು ಸಾಕು. ಎಂದರೆ ಸಣ್ಣ ಚಕ್ರವನ್ನು ದಾಟಿಸುವ ಬಲದಿಂದ ಅದನ್ನು ಹೆಚ್ಚುಕಡಿಮೆ ಎತ್ತಿಯೇ ಬಿಡಬಹುದು! ಗಾಳಿ ತುಂಬಿದ ಟೈರು ಕಲ್ಲಿನ ಮೊನೆಯನ್ನು ತನ್ನೊಳಗೆ ನುಂಗಿಕೊಳ್ಳುವುದರಿಂದ ಇನ್ನೂ ಅನುಕೂಲ. ಆದುದರಿಂದ ಒರಟು ನೆಲಕ್ಕೆಂದು ಮಾರುವ ಗಾಡಿಯ ಮೊದಲ ಪರೀಕ್ಷೆ ಅದರ ಮುಂದಿನ ಚಕ್ರದ ವ್ಯಾಸ. ಹೆಸರಿನಲ್ಲಿ ಬೆಟ್ಟಗುಡ್ಡಗಳಿದ್ದು ಚಕ್ರ ಅಂಗೈಯಗಲವಾಗಿದ್ದರೆ ಆ ಹೆಸರಿಗೆ ಬೆಲೆ ಕೊಡಬೇಕಾಗಿಲ್ಲ. ಸೂಜಿಮುಳ್ಳಿನ ಹಾದಿಯಲ್ಲಿ ನಡೆಯುವವರಿಗೆ ಟ್ಯೂಬಿನ ಚಿಂತೆ ಬೇಡವೆನ್ನಿಸಿದರೆ, ಒಳಗೆ ನೊರೆಯಂತಹ ಮೃದು ವಸ್ತುವನ್ನು ತುಂಬಿದ ಟೈರುಗಳೂ ಈಗ ದೊರೆಯುತ್ತವೆ. ಅವು ತೂತಾಗುವುದಿಲ್ಲ, ಆದರೆ ಗಾಳಿಯಷ್ಟು ಮೃದುವಲ್ಲ.

ಇನ್ನು ಕೊಳ್ಳುವವರಲ್ಲಿ ಅತ್ಯಂತ ಹೆಚ್ಚಿನ ಗೊಂದಲಕ್ಕೆ ಕಾರಣವಾದ ಅಂಶಕ್ಕೆ ಬರೋಣ. ಒರಟು ನೆಲದ ಗಾಡಿ ಬೇರೆ, ಓಟದ ಗಾಡಿ ಬೇರೆ. ಎರಡಕ್ಕೂ ಮೂರು ಚಕ್ರಗಳಿರಬಹುದು, ಎರಡೂ ನೋಡಲು ಅಣ್ಣತಮ್ಮಂದಿರಂತೆಯೇ ಇರಬಹುದು. ಬೇಕ್ಲರನ ವಂಶದ ಗಾಡಿಯಲ್ಲಿ ಮುಂದಿನ ಚಕ್ರ ಎಡಬಲಕ್ಕೆ ತಿರುಗದಂತೆ ಬಿಗಿಯಾಗಿರುತ್ತದೆ. ಓಡುವಾಗ ಗಾಡಿ ನೇರವಾಗಿ ಹೋಗುತ್ತದೆ. ತಿರುಗಿಸಬೇಕಾದರೆ ಹಿಡಿಕೆಯನ್ನು ಒತ್ತಿ ಮುಂಭಾಗವನ್ನು ಎತ್ತಬೇಕು. ಅಂಗಡಿಬೀದಿಯಲ್ಲಿ ಇದು ದೊಡ್ಡ ತೊಂದರೆ. ಅದಕ್ಕಾಗಿ ತಾನೇ ತಿರುಗುವ ಮುಂದಿನ ಚಕ್ರವುಳ್ಳ ಗಾಡಿಗಳು ಬಂದವು. ಇಂತಹ ಚಕ್ರ ವೇಗ ಹೆಚ್ಚಾದಾಗ ಎಡಬಲಕ್ಕೆ ನಡುಗತೊಡಗುತ್ತದೆ. ಆಸ್ಪತ್ರೆಯ ಟ್ರಾಲಿಯನ್ನು ಅವಸರದಿಂದ ತಳ್ಳುವಾಗ ಅದರ ಗಾಲಿ ಪಟಪಟನೆ ಅದುರುವುದನ್ನು ವಾಚಕರು ಕಂಡಿರಬಹುದು. ಮಗುವನ್ನು ಕುಳ್ಳಿರಿಸಿಕೊಂಡು ಓಡುವಾಗ ಆ ನಡುಕ ಗಾಡಿಯನ್ನೇ ಉರುಳಿಸಬಲ್ಲದು. ಬೇಕೆಂದಾಗ ತಿರುಗುವ, ಓಡುವಾಗ ಕೀಲು ಹಾಕಿ ಬಿಗಿಯುವ ಚಕ್ರ ಇದಕ್ಕೆ ಕಂಡುಕೊಂಡ ಸಮಾಧಾನ. ನಿಜವಾಗಿ ಓಡುವ ಅಭ್ಯಾಸವುಳ್ಳವರು ಬಿಗಿಯುವ ಏರ್ಪಾಡಿಲ್ಲದ ಗಾಡಿಯನ್ನು ಮುಟ್ಟಬಾರದು. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ, ಇಳಿಜಾರಿಗೆ ಕೈಬ್ರೇಕು, ಮಗುವಿನ ಹೆಗಲು, ಸೊಂಟ, ಕಾಲ ಸಂದುಗಳನ್ನು ಐದು ಕಡೆ ಹಿಡಿಯುವ ಪಟ್ಟಿ, ಇವೂ ಅವರಿಗೆ ಅವಶ್ಯಕ. ಕತ್ತು ನಿಲ್ಲದ ಕೂಸನ್ನು ಕುಳ್ಳಿರಿಸಿಕೊಂಡು ಓಡುವುದು ಯಾವ ಗಾಡಿಯಲ್ಲಿಯೂ ತರವಲ್ಲ. ಆರರಿಂದ ಎಂಟು ತಿಂಗಳು ತುಂಬುವವರೆಗೆ ಕಾಯಬೇಕೆಂಬುದು ಸಾಮಾನ್ಯವಾಗಿ ಕೊಡುವ ಸಲಹೆ.

ಓಡದೆ ನಡೆಯುವವರು ಈ ಭಾರವನ್ನೆಲ್ಲ ಹೊರಬೇಕಾದ ಕಾರಣವಿಲ್ಲ. ಓಟದ ಗಾಡಿ ಸಾಮಾನ್ಯವಾಗಿ 25ರಿಂದ 30 ಪೌಂಡು ತೂಗುತ್ತದೆ. ಮೂರನೆಯ ಮಹಡಿಯಲ್ಲಿ ವಾಸವಾಗಿರುವ ಸಂಸಾರಕ್ಕೆ ಮೆಟ್ಟಿಲುಗಳೇ ಅತ್ಯಂತ ಒರಟಾದ ನೆಲ! ಅಂಥವರು ಮಧ್ಯಮ ಗಾತ್ರದ ಚಕ್ರವುಳ್ಳ, ಬಿಡಿಸಿ ಮಡಚಲು ಸುಲಭವಾದ ಗಾಡಿಯನ್ನು ಆರಿಸಿಕೊಳ್ಳುವುದು ಲೇಸು. ತಿಂಗಳಿಗೊಮ್ಮೆ ಮಾತ್ರ ಬೆಟ್ಟಕ್ಕೆ ಹೋಗುವವರಿಗೆ ಬೆನ್ನಿಗೆ ಕಟ್ಟಿಕೊಳ್ಳುವ ಜೋಳಿಗೆಯೇ ಸಾಕೆಂದು ನಮಗೆ ತೋರುತ್ತದೆ. ಹಿಡಿಕೆಯ ಎತ್ತರವನ್ನು ಹೊಂದಿಸಲು ಬರುತ್ತದೆಯೇ ಎಂಬುದನ್ನೂ ನೋಡಬೇಕು. ತಾಯಿ, ತಂದೆ, ಅಜ್ಜಿ ಮೂವರೂ ಸರದಿಯಲ್ಲಿ ತಳ್ಳುವ ಮನೆಯಲ್ಲಿ ಒಂದೇ ಎತ್ತರ ಎಲ್ಲರಿಗೂ ಒಗ್ಗುವುದಿಲ್ಲ.

ಸೈಕಲ್ಲಿನಿಂದ ಬಂದ ಅಂಗಗಳೆಲ್ಲವೂ ಮಕ್ಕಳ ಗಾಡಿಗೆ ನಿರಪಾಯವಾಗಿ ಹೊಂದಿಕೊಂಡವೆಂದು ತಿಳಿಯಬಾರದು. ಇಟಲಿಯ ಸೈಕಲ್ ಸ್ಪರ್ಧಿ ಟುಲ್ಲಿಯೊ ಕಾಂಪಾನ್ಯೋಲೊ 1930ರ ಸುಮಾರಿಗೆ, ಉಪಕರಣವಿಲ್ಲದೆಯೇ ಒಂದು ಸನ್ನೆಯನ್ನು ತಿರುಗಿಸಿ ಚಕ್ರವನ್ನು ಕಳಚುವ ಅಚ್ಚನ್ನು ಕಂಡುಹಿಡಿದನು. ಓಟದ ಗಾಡಿಯನ್ನು ಮೋಟಾರಿನ ಹಿಂದಿನ ಪೆಟ್ಟಿಗೆಯಲ್ಲಿ ಇಡಬೇಕಾದರೆ ಮುಂದಿನ ಚಕ್ರವನ್ನು ಕಳಚುವುದು ಅನುಕೂಲವಾದುದರಿಂದ ಆ ಸನ್ನೆ ಇಲ್ಲಿಗೂ ಬಂದಿತು. ಸೈಕಲ್ಲಿನ ಮೇಲೆ ಕುಳಿತವನು ಆ ಸನ್ನೆಯ ಬಿಗಿಯನ್ನು ತಾನೇ ನೋಡಿಕೊಳ್ಳುತ್ತಾನೆ. ಮಕ್ಕಳ ಗಾಡಿಯಲ್ಲಿ ಕುಳಿತಿರುವುದು ಮಗು. ಬಿಗಿಯುವವರು ಅವಸರದಲ್ಲಿರುವ ತಾಯಿತಂದೆಗಳು.

ಈ ವ್ಯತ್ಯಾಸವೇ 2018ರ ಫೆಬ್ರವರಿಯಲ್ಲಿ ಅಮೆರಿಕಾದಲ್ಲಿ ಒಂದು ದೊಡ್ಡ ವ್ಯಾಜ್ಯಕ್ಕೆ ಎಡೆಯಾಯಿತು. ‘ಬಾಬ್’ ಎಂಬ ಹೆಸರಿನ ಓಟದ ಗಾಡಿಗಳಲ್ಲಿ ಮುಂದಿನ ಚಕ್ರ ಓಡುವಾಗಲೇ ಕಳಚಿಕೊಳ್ಳುತ್ತಿದೆಯೆಂದು ಅಲ್ಲಿನ ಗ್ರಾಹಕ ವಸ್ತು ಸುರಕ್ಷತಾ ಆಯೋಗ ಬ್ರಿಟ್ಯಾಕ್ಸ್ ಸಂಸ್ಥೆಯ ಮೇಲೆ ದೂರು ಹೂಡಿತು. ಸುಮಾರು 5 ಲಕ್ಷ ಗಾಡಿಗಳು ಇದಕ್ಕೆ ಒಳಪಟ್ಟಿದ್ದವು. ಚಕ್ರ ಕಳಚಿದ ಸುಮಾರು 200 ಪ್ರಸಂಗಗಳು ವರದಿಯಾಗಿದ್ದವು. ಮಕ್ಕಳೂ ದೊಡ್ಡವರೂ ಸೇರಿ ನೂರರ ಹತ್ತಿರ ಹತ್ತಿರ ಜನ ಗಾಯಗೊಂಡಿದ್ದರು. ಗಾಡಿಯಲ್ಲಿ ದೋಷವಿಲ್ಲ, ಸೂಚನೆಯಂತೆ ಸನ್ನೆಯನ್ನು ಬಿಗಿದರೆ ಚಕ್ರ ಕಳಚುವುದಿಲ್ಲ ಎಂಬುದು ಸಂಸ್ಥೆಯ ವಾದ. ಅದೇ ವರ್ಷ ನವೆಂಬರಿನಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಸನ್ನೆಯನ್ನು ಬಿಗಿಯುವ ಕ್ರಮವನ್ನು ಜನರಿಗೆ ತಿಳಿಸುವುದೂ ಕೆಲವು ಗಾಡಿಗಳಿಗೆ ಬದಲಿ ಅಚ್ಚನ್ನು ಒದಗಿಸುವುದೂ ರಾಜಿಯ ಷರತ್ತುಗಳಲ್ಲಿ ಸೇರಿದ್ದವು. ಗಾಡಿಗಳನ್ನು ಹಿಂದಕ್ಕೆ ಪಡೆಯಲಿಲ್ಲ.

ವಾದ ಪ್ರತಿವಾದಗಳಲ್ಲಿ ಯಾರದು ಸರಿಯೆಂದು ತೀರ್ಮಾನಿಸುವುದು ಚರಿತ್ರಕಾರನ ಕೆಲಸವಲ್ಲ. ಆದರೂ ಒಂದು ಮಾತನ್ನು ಹೇಳಬಹುದು. ವಸ್ತುವೊಂದು ಸುರಕ್ಷಿತವಾಗಿರುವುದಕ್ಕೆ ಬಳಸುವವನ ಕುಶಲತೆಯನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬ ಪ್ರಶ್ನೆ, ಆ ವಸ್ತು ಕುಶಲರಾದ ಓಟಗಾರರ ಕೈಯಿಂದ ಸಾಮಾನ್ಯ ಸಂಸಾರಗಳ ಕೈಗೆ ಬಂದಾಗಲೇ ಏಳುತ್ತದೆ. 1984ರಲ್ಲಿ ಚಕ್ರವನ್ನು ಜೋಡಿಸಿದವನೇ ಅದನ್ನು ತಳ್ಳುತ್ತಿದ್ದನು.

ಇಂತಹ ಗಾಡಿಗಳು ಹಲವು ವರ್ಷ ಬಾಳುವುದರಿಂದ ಒಂದು ಮನೆಯ ಮಗು ಬೆಳೆದ ಮೇಲೆ ಇನ್ನೊಂದು ಮನೆಗೆ ಹೋಗುತ್ತವೆ. ವಿದೇಶಗಳಲ್ಲಿ ಹೊಸದಾಗಿ ಸಂಸಾರ ಹೂಡಿದ ನಮ್ಮವರೂ ಸ್ನೇಹಿತರಿಂದ ಇವನ್ನು ಪಡೆಯುವುದುಂಟು. ಕೈಬದಲಾದ ಗಾಡಿಯನ್ನು ಕೊಳ್ಳುವವರು ಅದರ ಮೈಮೇಲೆ ಅಂಟಿಸಿರುವ ತಯಾರಿಕೆಯ ದಿನಾಂಕವನ್ನು ಓದಬೇಕು. ಮೇಲ್ಕಂಡ ವ್ಯಾಜ್ಯಕ್ಕೆ ಒಳಪಟ್ಟವು 2015ರ ಸೆಪ್ಟೆಂಬರ್ ಅಂತ್ಯಕ್ಕೆ ಮೊದಲು ತಯಾರಾದವು. ಮುಂದಿನ ಚಕ್ರಕ್ಕೆ ಸನ್ನೆಯಿದೆಯೇ, ಉಪಕರಣದಿಂದ ಬಿಗಿಯುವ ಬೋಲ್ಟಿದೆಯೇ ಎಂಬುದನ್ನು ಬಗ್ಗಿ ನೋಡಬೇಕು. ಸನ್ನೆಯಿದ್ದರೆ ಅದನ್ನು ಬಿಗಿದು, ಗಾಡಿಯ ಮುಂಭಾಗವನ್ನು ಎತ್ತಿ ಹಿಡಿದು, ಚಕ್ರವನ್ನು ಕೆಳಕ್ಕೆ ಬಲವಾಗಿ ಎಳೆದು ಪರೀಕ್ಷಿಸಬೇಕು. ಮಗುವನ್ನು ಕುಳ್ಳಿರಿಸುವುದು ಅದಾದ ಮೇಲೆ.